ಪಾಲಿಕೆ, ನಗರಸಭೆ ಟೆಂಡರ್‌ಗಳಲ್ಲಿ ಊರಿನ ಸಣ್ಣ ವರ್ಕ್‌ಶಾಪ್‌ಗಳಿಗೆ ಏನಾದರೂ ಆದ್ಯತೆ ಇದೆಯಾ?

ಸಾಗರ ರಸ್ತೆ ವೆಲ್ಡರ್, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಸಾಗರ ರಸ್ತೆ ಕಡೆ ನಮ್ಮದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ನಾನು, ನನ್ನ ತಮ್ಮ, ಜೊತೆಗೆ ಕೆಲಸದ ಹುಡುಗರು. ಗೇಟು, ಗ್ರಿಲ್ಲು, ಅಡಿಕೆ ಅಂಗಳಕ್ಕೆ ಶೀಟಿನ ಮಾಡು, ಪಾರ್ಕ್ ಬೆಂಚು, ರಸ್ತೆ ಬದಿ ಗಿಡಕ್ಕೆ ಟ್ರೀ ಗಾರ್ಡ್, ಎಲ್ಲ ಮಾಡುತ್ತೇವೆ. ಜಿಎಸ್‌ಟಿ ಇದೆ, ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಕೇಂದ್ರದಲ್ಲಿ ದಾಖಲಾಗೋದು) ಇದೆ, ಸಾಲವೂ ಇದೆ.

ನಮ್ಮ ಕಡೆಯ ಒಂದು ಸ್ಥಳೀಯ ಸಂಸ್ಥೆ (ಯಾವುದು ಅಂತ ಕೇಳಬೇಡಿ, ನಾಳೆ ಅಲ್ಲಿಗೇ ಹೋಗಬೇಕು) ಟ್ರೀ ಗಾರ್ಡ್, ಬೆಂಚು, ವಾರ್ಡ್ ಬೋರ್ಡು, ಮಕ್ಕಳ ಜಾರುಬಂಡಿ, ಜೊತೆಗೆ ಒಂದಿಷ್ಟು ಪೇವರ್ (ನೆಲಕ್ಕೆ ಹಾಸುವ ಬ್ಲಾಕ್) ಕೆಲಸ, ಎಲ್ಲ ಸೇರಿಸಿ ಒಂದೇ ಪ್ಯಾಕೇಜ್ ಟೆಂಡರ್ ಕರೆಯಿತು. ವಾರ್ಷಿಕ ವಹಿವಾಟು ಕೋಟಿ ಲೆಕ್ಕದಲ್ಲಿ ಇರಬೇಕು, ಇದೇ ತರದ ಕೆಲಸ ಮುಗಿಸಿದ ಸರ್ಟಿಫಿಕೇಟ್ ಬೇಕು ಅಂತ ಷರತ್ತು. ನಮ್ಮಂಥವರು ಹೊರಗೇ ಉಳಿದೆವು. ಕೆಲಸ ದೂರದ ಊರಿನ ಏಜೆನ್ಸಿಗೆ ಹೋಯಿತು.

ಆಮೇಲೆ ನೋಡಿ ಮಜಾ. ಅದೇ ಏಜೆನ್ಸಿಯ ಸೂಪರ್‌ವೈಸರ್ ಡ್ರಾಯಿಂಗ್ ಹಿಡಿದುಕೊಂಡು ನಮ್ಮ ಶೆಡ್ಡಿಗೇ ಬಂದ. 'ಟ್ರೀ ಗಾರ್ಡ್ ನೀವೇ ಮಾಡಿಕೊಡಿ' ಅಂದ. ಅವನು ಹೇಳಿದ ರೇಟಿಗೆ ಕಬ್ಬಿಣ, ವೆಲ್ಡಿಂಗ್ ರಾಡು, ಕರೆಂಟು, ಕೂಲಿ ಕಳೆದರೆ ಟೀ ಕಾಸು ಉಳಿಯುತ್ತಿತ್ತು. ಅಂದರೆ ಊರಿನ ಕೆಲಸ ಊರಿನವನೇ ಮಾಡಬೇಕು, ಲಾಭ ಮಾತ್ರ ಘಾಟಿ ಇಳಿದು ಹೋಗಬೇಕು. ನಾನು ಒಪ್ಪಲಿಲ್ಲ. ಬೇರೆ ಯಾರೋ ಮಾಡಿಕೊಟ್ಟರು.

ಆ ಡ್ರಾಯಿಂಗ್ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಕೋಟ್ ಪೇಂಟ್ ಅಂತ ಬರೆದಿದ್ದರು. ತುಕ್ಕು ತಡೆಯುವ ರೆಡ್ ಆಕ್ಸೈಡ್ ಸುದ್ದಿಯೇ ಇಲ್ಲ. ಕಾಲುಗಳನ್ನು ನೇರ ಮಣ್ಣಿಗೆ ಹೂಳುವುದು. ಬಯಲುಸೀಮೆಯಲ್ಲಿ ನಡೆಯಬಹುದೇನೋ. ಇಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡಲ್ಲ. ವೆಲ್ಡಿಂಗ್ ಮೇಲಿನ ಕಿಟ್ಟ ಕುಟ್ಟಿ ತೆಗೆಯದೆ ಬಣ್ಣ ಬಳಿದರೆ ಮೊದಲು ಆ ಜಾಯಿಂಟೇ ತುಕ್ಕು ಹಿಡಿಯುತ್ತೆ. ಕಾಲು ಮಾತ್ರ ನೆಲ ಮುಟ್ಟುವ ಕಡೆಯೇ ಕೊಳೆಯುತ್ತೆ, ಮೇಲೆ ನೋಡಿದರೆ ಗಟ್ಟಿಯಾಗೇ ಇರುತ್ತೆ. ಬೀದಿ ದನ ಒಂದು ಸಲ ಮೈ ಉಜ್ಜಿದರೆ ಗಾರ್ಡೂ ಇಲ್ಲ, ಗಿಡವೂ ಇಲ್ಲ. ನಾವಾದರೆ ಕಾಲಿಗೆ ಅಡ್ಡ ತುಂಡು ಬೆಸೆದು, ಕಾಂಕ್ರೀಟಿನಲ್ಲಿ ನಿಲ್ಲಿಸಿ, ಎರಡು ಕೋಟ್ ರೆಡ್ ಆಕ್ಸೈಡ್ ಹೊಡೆದು ಆಮೇಲೆ ಪೇಂಟ್ ಮಾಡುತ್ತೇವೆ.

ನನ್ನ ಪ್ರಶ್ನೆ: ಸಣ್ಣ ಉದ್ಯಮಗಳಿಂದ 25% ಕೊಳ್ಳಲೇಬೇಕು ಅಂತ ನಿಯಮ ಇದೆ ಅಂತಾರಲ್ವಾ, ಅದು ಪಾಲಿಕೆಗೆ ಅನ್ವಯ ಆಗುತ್ತಾ? ಊರಿನವರಿಗೇ ಅಂತ ಏನಾದರೂ ಮೀಸಲು ಇದೆಯಾ? ಮತ್ತೆ ಬಿಲ್ ದುಡ್ಡು ಬೇಗ ಬರೋಕೆ ದಾರಿ ಇದೆಯಾ?

ಹಳೇ ಗುಮಾಸ್ತ, ತೀರ್ಥಹಳ್ಳಿ

ಎಂಥದು ಮಾರಾಯ್ರೆ, ಮೂರು ಪ್ರಶ್ನೆ ಒಟ್ಟಿಗೇ ಕೇಳಿದ್ದೀರಿ. ನಾನು ಸ್ಥಳೀಯ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಗೊತ್ತಿರುವಷ್ಟು ಹೇಳುತ್ತೇನೆ.

25% ನಿಯಮ ಕೇಂದ್ರ ಸರ್ಕಾರದ್ದು. 2012ರಲ್ಲಿ ಬಂತು, ಆಗ 20% ಇತ್ತು, 2018ರಲ್ಲಿ 25% ಮಾಡಿದರು. ಅದರೊಳಗೆ ಎಸ್‌ಸಿ, ಎಸ್‌ಟಿ ಉದ್ಯಮಿಗಳಿಗೆ 4%, ಮಹಿಳೆಯರಿಗೆ 3%. 358 ವಸ್ತುಗಳನ್ನು ಸಣ್ಣವರಿಂದಲೇ ಕೊಳ್ಳಬೇಕು ಅಂತ ಪಟ್ಟಿಯೂ ಇದೆ. ಆದರೆ ಇದೆಲ್ಲ ಕೇಂದ್ರದ ಇಲಾಖೆಗಳು ಮತ್ತು ಕೇಂದ್ರದ ಸಾರ್ವಜನಿಕ ಉದ್ದಿಮೆಗಳಿಗೆ ಮಾತ್ರ. ಪಾಲಿಕೆ ಕೌಂಟರಿನಲ್ಲಿ ಆ ಆದೇಶದ ಪ್ರತಿ ಇಟ್ಟರೆ ನಗುತ್ತಾರೆ ಅಷ್ಟೆ.

ಇಲ್ಲಿ ನಡೆಯೋದು ಸರ್ಕಾರಿ ಖರೀದಿ ಬಗ್ಗೆ ಇರುವ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆ, ನಾವೆಲ್ಲ ಕೆಟಿಪಿಪಿ ಅನ್ನುತ್ತೇವೆ. ಅದರಲ್ಲಿ ಮೀಸಲು ಇದೆ, ಆದರೆ ಊರಿನ ಆಧಾರದ ಮೇಲಲ್ಲ. ನಿಗದಿತ ಮಿತಿಯೊಳಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ 17.15%, ಪರಿಶಿಷ್ಟ ಪಂಗಡಕ್ಕೆ 6.95%. ಮೊದಲು ಮಿತಿ 50 ಲಕ್ಷ ಇತ್ತು, 2023ರಲ್ಲಿ 1 ಕೋಟಿ ಆಯಿತು. ಆಮೇಲೆ ಹಿಂದುಳಿದ ವರ್ಗಗಳ ಪ್ರವರ್ಗ 1 ಮತ್ತು 2ಎ ಕೂಡ ಸೇರಿದವು. ಶಿವಮೊಗ್ಗದವನು, ಸಾಗರದವನು ಅಂತ ಯಾರಿಗೂ ಅಂಕ ಕೊಡಲ್ಲ.

ಊರಿನವರಿಗೇ ಅಂತ ಷರತ್ತು ಹಾಕಿದರೂ ಕೋರ್ಟಿನಲ್ಲಿ ನಿಲ್ಲೋದು ಕಷ್ಟ. ಛತ್ತೀಸ್‌ಗಢದಲ್ಲಿ ಶಾಲೆಗಳಿಗೆ ಕ್ರೀಡಾ ಕಿಟ್ ಕೊಳ್ಳುವ ಟೆಂಡರ್‌ನಲ್ಲಿ, ಅದೇ ರಾಜ್ಯದ ಸರ್ಕಾರಿ ಸಂಸ್ಥೆಗಳಿಗೆ ಹಿಂದೆ ಮಾಲು ಕೊಟ್ಟವರೇ ಬರಬೇಕು ಅಂತ ಇತ್ತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಹೊಸಬರಿಗೂ ಸಮಾನ ಅವಕಾಶ ಬೇಕು ಅಂತ.

ಹಾಗಾಗಿ 'ನಾನು ಊರಿನವನು' ಅನ್ನೋ ವಾದ ಬಿಡಿ. 'ಪ್ಯಾಕೇಜ್ ಒಡೆಯಿರಿ' ಅಂತ ಕೇಳಿ. ಅದಕ್ಕೆ ಕಾಯ್ದೆ ಅಡ್ಡ ಬರಲ್ಲ. ಟೆಂಡರ್ ತಪ್ಪಿಸೋಕೆ ಅಂತ ತುಂಡು ಗುತ್ತಿಗೆ ಮಾಡಬಾರದು, ಅದು ಬೇರೆ ಮಾತು. ಟೆಂಡರ್ ಕರೆದೇ, ಕಬ್ಬಿಣದ ಸಾಮಾನು ಒಂದು, ಪೇವರ್ ಒಂದು ಅಂತ ಬೇರೆ ಬೇರೆ ಮಾಡಬಹುದಲ್ಲ? ಯಾಕೆ ಮಾಡಲ್ಲ ಅಂದರೆ, ಒಂದು ಪ್ಯಾಕೇಜ್ ಅಂದರೆ ಒಂದು ಕರಾರು, ಒಂದು ಎಂ.ಬಿ. ಬುಕ್ (ಕೆಲಸದ ಅಳತೆ ಬರೆಯುವ ಪುಸ್ತಕ), ಒಂದು ಬಿಲ್, ಒಂದು ಆಡಿಟ್ ಉತ್ತರ. ಇರೋ ಒಬ್ಬ ಎಇ (ಸಹಾಯಕ ಎಂಜಿನಿಯರ್) ಮೇಲೆ ಹತ್ತು ವಾರ್ಡ್ ಹೊರೆ ಇರುತ್ತೆ. ಎಲ್ಲರೂ ದುಡ್ಡು ತಿನ್ನೋಕೇ ಪ್ಯಾಕೇಜ್ ಮಾಡ್ತಾರೆ ಅಂತ ಇಲ್ಲಿ ಕೆಲವರು ಬರೆಯುತ್ತಾರೆ, ನಾನು ಅಷ್ಟು ಸಲೀಸಾಗಿ ಒಪ್ಪಲ್ಲ. ಜಾಸ್ತಿ ಕಡೆ ಸೋಮಾರಿತನ ಮತ್ತು ಆಡಿಟ್ ಭಯ.

ಭದ್ರಾವತಿ ಹುಡುಗ

ಅಣ್ಣ, ಪಾಲಿಕೆ ಒಂದನ್ನೇ ಯಾಕೆ ನಂಬ್ತೀರಿ? ನಮ್ಮೂರಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್, ಸೈಲ್ ಕೆಳಗೆ ಇದೆ, ಅಂದರೆ ಕೇಂದ್ರದ್ದು. ರೈಲ್ವೆಯೂ ಕೇಂದ್ರದ್ದು. ಅಲ್ಲಿ ನಿಮ್ಮ 25% ನಡೆಯುತ್ತೆ, ಇಎಂಡಿ (ಬಿಡ್ ಜೊತೆ ಇಡುವ ಠೇವಣಿ) ಕಟ್ಟೋದೂ ಬೇಡ, ಟೆಂಡರ್ ಫಾರಂ ಪುಕ್ಕಟೆ. ಕೇಂದ್ರದ ಖರೀದಿ ತಾಣವಾದ ಜೆಮ್ ಪೋರ್ಟಲ್‌ನಲ್ಲಿ ಮಾರಾಟಗಾರ ಅಂತ ಸೇರಿಕೊಳ್ಳಿ. ಒಂದು ಮಾತು: ಉದ್ಯಮ್‌ನಲ್ಲಿ ತಯಾರಿಕೆ ಅಂತ ಇರಬೇಕು. ಬರೀ ವ್ಯಾಪಾರ ಅಂತ ಇದ್ದರೆ ಬ್ಯಾಂಕ್ ಸಾಲಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬರಲ್ಲ.

ವಿನೋಬನಗರದ ತೆರಿಗೆದಾರ

ನನ್ನದು ಸ್ವಲ್ಪ ಉಲ್ಟಾ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ಶಿವಮೊಗ್ಗದಲ್ಲಿ 35 ವಾರ್ಡ್. ವಾರ್ಡಿಗೊಂದು ಟೆಂಡರ್ ಕರೆದರೆ ಯಾರು ನೋಡಿಕೊಳ್ಳೋದು? ಒಂದು ವಾರ್ಡಿನ ಬೆಂಚು ಹಸಿರು, ಇನ್ನೊಂದರದ್ದು ನೀಲಿ. ಮುರಿದರೆ ಯಾರನ್ನು ಹಿಡಿಯೋದು? ಇನ್ನು ಊರಿನವರು ಅಂದ ತಕ್ಷಣ ಸಾಚಾ ಅಂತೇನೂ ಇಲ್ಲ. ಮೂರು ಜನ ಕ್ಯಾಂಟೀನಿನಲ್ಲಿ ಕೂತು 'ಈ ಸಲ ನೀನು, ಮುಂದಿನ ಸಲ ನಾನು' ಅಂತ ಮಾತಾಡಿಕೊಂಡು ರೇಟು ಏರಿಸೋದನ್ನು ಎಲ್ಲ ಊರಿನವರೂ ನೋಡಿದ್ದಾರೆ. ಹೊರಗಿನವನು ಬಂದರೆ ಆ ಕೂಟ ಒಡೆಯುತ್ತೆ. ಕಂದಾಯ ಕಟ್ಟುವವನಿಗೆ ಬೇಕಾಗಿರೋದು ಗಟ್ಟಿ ಬೆಂಚು, ಕಡಿಮೆ ರೇಟು.

ಸಾಗರ ರಸ್ತೆ ವೆಲ್ಡರ್

ಸಾರ್, ಬೇಜಾರೇನಿಲ್ಲ. ಕೂಟದ ಮಾತು ನಿಜ, ನಾನೂ ನೋಡಿದ್ದೇನೆ. ಆದರೆ ವಾರ್ಡಿಗೊಂದು ಟೆಂಡರ್ ಬೇಕು ಅಂತ ನಾನು ಕೇಳಲೇ ಇಲ್ಲ. ಇಡೀ ಊರಿನ ಕಬ್ಬಿಣದ ಕೆಲಸ ಒಂದು ಲಾಟ್ ಆಗಲಿ, ಡ್ರಾಯಿಂಗ್ ಒಂದೇ ಇರಲಿ, ಬಣ್ಣವೂ ಒಂದೇ ಇರಲಿ. ಪೇವರ್ ಜೊತೆ ಗಂಟು ಹಾಕಬೇಡಿ ಅಷ್ಟೆ. ಹೊರಗಿನವರು ಬರಲಿ, ರೇಟಿನಲ್ಲಿ ಸೋಲಿಸಲಿ, ನನಗೆ ತಕರಾರಿಲ್ಲ. ಬಾಗಿಲಲ್ಲೇ ನಿಲ್ಲಿಸಬಾರದು. ಮುರಿದರೆ ಯಾರನ್ನು ಹಿಡಿಯೋದು ಅಂದ್ರಲ್ಲ, ನನ್ನ ಶೆಡ್ಡು ಎಲ್ಲೂ ಓಡಿ ಹೋಗಲ್ಲ. ಬೆಂಚು ಮುರಿದರೆ ಆ ವಾರ್ಡಿನವರು ಸಂತೆಯಲ್ಲೇ ಹಿಡಿದು ಬೈತಾರೆ.

ಕಡಿಮೆ ರೇಟು ಅಂದ್ರಿ. ಪಾಲಿಕೆ ಕೊಡುವ ರೇಟು ಕಡಿಮೆ ಏನಿಲ್ಲ ಸಾರ್. ಏಜೆನ್ಸಿಯಿಂದ ನಮಗೆ ಬರುವಾಗ ಕಡಿಮೆ ಆಗಿರುತ್ತೆ. ಆ ನಡುವಿನ ದುಡ್ಡಿಗೆ ಎರಡು ಕೋಟ್ ರೆಡ್ ಆಕ್ಸೈಡ್ ಬರುತ್ತಿತ್ತು.

ಹೊಸನಗರದ ಮೇಷ್ಟ್ರು

ಮಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾಳೆ. ಅಳಿಯನಿಗೆ ಈ ಗುತ್ತಿಗೆ ವ್ಯವಹಾರ ಗೊತ್ತು. ಅಲ್ಲಿ ನಗರಾಡಳಿತವೇ ಊರಿನ ಸಣ್ಣ ಉದ್ಯಮಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುತ್ತದಂತೆ. ಮುಖ್ಯ ಕಚೇರಿ ಆ ಊರಿನಲ್ಲೇ ಇರಬೇಕು. ಟೆಂಡರ್ ಹೋಲಿಸುವಾಗ ಅಂಥವರ ಬೆಲೆಯಲ್ಲಿ 10% ಕಳೆದು ನೋಡುತ್ತಾರೆ. ಹೊರಗಿನವನು 100 ಅಂದ, ಊರಿನವನು 105 ಅಂದ ಅಂತಿಟ್ಟುಕೊಳ್ಳಿ. 105ನ್ನು 94.50 ಅಂತ ಲೆಕ್ಕ ಹಾಕುತ್ತಾರೆ, ಊರಿನವನಿಗೆ ಕೆಲಸ ಸಿಗುತ್ತೆ. ದುಡ್ಡು ಮಾತ್ರ ಪೂರಾ 105 ಕೊಡುತ್ತಾರೆ.

ನಮ್ಮ ಕೇಂದ್ರದ ನಿಯಮ ಹಾಗಲ್ಲ. ಅತಿ ಕಡಿಮೆ ರೇಟಿನವನು ದೊಡ್ಡವನಾಗಿದ್ದು, ಸಣ್ಣ ಉದ್ಯಮದ ರೇಟು ಅವನಿಗಿಂತ 15% ಒಳಗೆ ಜಾಸ್ತಿ ಇದ್ದರೆ, 'ಅವನ ರೇಟಿಗೆ ಇಳಿಯುತ್ತೀಯಾ' ಅಂತ ಕೇಳುತ್ತಾರೆ. ಇಳಿದರೆ 25% ಮಾಲು ಕೊಡಬಹುದು. ಅಂದರೆ ಅಲ್ಲಿ ಊರಿಗಾಗಿ ನಗರ ತನ್ನ ಜೇಬಿನಿಂದ ಸ್ವಲ್ಪ ಹಾಕುತ್ತೆ. ಇಲ್ಲಿ ಸಣ್ಣವನೇ ತನ್ನ ಲಾಭ ಬಿಟ್ಟುಕೊಡಬೇಕು. ತೆರಿಗೆದಾರರು ಹೇಳಿದ ಆಕ್ಷೇಪ ಅಲ್ಲಿಯೂ ಇದೆಯಂತೆ, ಅದೇನು ತೀರುವ ಜಗಳವಲ್ಲ.

ಪ್ರೆಸ್ ಅಕ್ಕ, ದುರ್ಗಿಗುಡಿ

ದುಡ್ಡಿನ ವಿಷಯ ನಾನು ಹೇಳ್ತೀನಿ. ನಮ್ಮದು ಪ್ರಿಂಟಿಂಗ್ ಪ್ರೆಸ್. ರಸೀದಿ ಪುಸ್ತಕ, ನಮೂನೆ, ರಿಜಿಸ್ಟರ್ ಎಲ್ಲ ಒಂದು ಸರ್ಕಾರಿ ಕಚೇರಿಗೆ ಮಾಡಿಕೊಟ್ಟೆ. ಮಾಲು ತಗೊಳ್ಳುವಾಗ ಅರ್ಜೆಂಟು, ಬಿಲ್ಲಿಗೆ ಮಾತ್ರ 'ಅನುದಾನ ಬಂದಿಲ್ಲ ಅಕ್ಕ'. ಹಬ್ಬಗಳೆಲ್ಲ ಹೋದವು, ಅನುದಾನ ಬರಲಿಲ್ಲ.

ಸಣ್ಣ ಉದ್ಯಮಗಳಿಗೆ ಅಂತ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಮಾಲು ಒಪ್ಪಿಕೊಂಡ ಮೇಲೆ ಹೆಚ್ಚೆಂದರೆ 45 ದಿನ. ಆಮೇಲೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸರ್ಕಾರಿ ಕಚೇರಿಗೂ ಇದು ತಪ್ಪಿದ್ದಲ್ಲ. ಅದಕ್ಕೆ ಅಂತ ಇರುವ ಕೇಂದ್ರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಹಾಕಿದರೆ, ಬಾಕಿ ದುಡ್ಡಿನ ತಕರಾರು ತೀರಿಸುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತೆ. 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲಿದೆ, ಕಾಯ್ದೆಯಲ್ಲಿ ಮಾತ್ರ. ತೀರ್ಪಿನ ಮೇಲೆ ಅವರು ಕೋರ್ಟಿಗೆ ಹೋಗಬೇಕಾದರೆ 75% ದುಡ್ಡು ಮೊದಲೇ ಕಟ್ಟಬೇಕು, ಅದೇ ನಮಗಿರುವ ದೊಡ್ಡ ಬಲ.

ನಾನು ದೂರು ಹಾಕಲಿಲ್ಲ. ಹಾಕುತ್ತೇನೆ ಅಂತ ಕಾಯ್ದೆಯ ಸೆಕ್ಷನ್ 15, 16 ಬರೆದು ಒಂದು ಪತ್ರ ಕೊಟ್ಟೆ. ಟಪಾಲಿನಲ್ಲಿ ಸೀಲ್ ಹಾಕಿಸಿಕೊಂಡೆ. ಬಡ್ಡಿಯನ್ನು ಯಾರ ಸಂಬಳದಿಂದ ವಸೂಲಿ ಮಾಡ್ತಾರೋ ಅಂತ ಹೆದರಿದರೋ ಏನೋ, ಅಸಲು ಬಂತು. ಬಡ್ಡಿ ಕೇಳೋಕೆ ಹೋಗಲಿಲ್ಲ, ಮುಂದಿನ ಸಲವೂ ಅವರ ಹತ್ತಿರವೇ ಹೋಗಬೇಕಲ್ಲ.

ವೆಲ್ಡರ್ ಅಣ್ಣ, ಏಜೆನ್ಸಿ ಕೆಳಗೆ ಕೆಲಸ ಮಾಡಿದರೂ ಇದೇ 45 ದಿನ ಅವರಿಗೂ ಅನ್ವಯ. ಬಾಯಿ ಮಾತಿನಲ್ಲಿ ಮಾಡಿಕೊಡಬೇಡಿ. ಪರ್ಚೇಸ್ ಆರ್ಡರ್ ತಗೊಳ್ಳಿ, ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಹಾಕಿ.

ಸಾಗರ ರಸ್ತೆ ವೆಲ್ಡರ್

ಅಕ್ಕ, ಇದು ಉಪಯೋಗಕ್ಕೆ ಬಂತು. ಗುಮಾಸ್ತರೇ, ಪ್ಯಾಕೇಜ್ ಒಡೆಯಿರಿ ಅಂತ ಯಾರಿಗೆ, ಯಾವಾಗ ಹೇಳಬೇಕು? ಟೆಂಡರ್ ಬಂದ ಮೇಲೆ ಹೋದರೆ 'ಮೇಲಿಂದ ಆಗಿದೆ' ಅಂತಾರೆ.

ಹಳೇ ಗುಮಾಸ್ತ, ತೀರ್ಥಹಳ್ಳಿ

ಟೆಂಡರ್ ಬಂದ ಮೇಲೆ ಹೋದರೆ ಅರ್ಧ ಕೆಲಸ ಕೈತಪ್ಪಿದಂತೆ. ಮೊದಲು ಕ್ರಿಯಾ ಯೋಜನೆ (ಯಾವ ಕೆಲಸಕ್ಕೆ ಎಷ್ಟು ದುಡ್ಡು ಅನ್ನೋ ಪಟ್ಟಿ) ಆಗುತ್ತೆ, ಆಮೇಲೆ ಅಂದಾಜು ಪಟ್ಟಿ. ಗಂಟು ಬೀಳೋದು ಅಲ್ಲಿ. ಕ್ರಿಯಾ ಯೋಜನೆಗೆ ಒಪ್ಪಿಗೆ ಸಿಕ್ಕಿದೆ ಅಂತ ಗೊತ್ತಾದ ಕೂಡಲೇ ಪ್ರತಿ ಕೇಳಿ. ಕೊಡದಿದ್ದರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಕೊಡಬೇಕು. ಆಯುಕ್ತರಿಗೆ ಪತ್ರ ಬರೆಯುವಾಗ ಒಬ್ಬರೇ ಬರೆಯಬೇಡಿ, ನಾಲ್ಕೈದು ವರ್ಕ್‌ಶಾಪಿನವರು ಸೇರಿ ಸಹಿ ಹಾಕಿ. ಪ್ಯಾಕೇಜ್ ಬೇಡ ಅನ್ನೋದರ ಜೊತೆಗೆ ನಿಮ್ಮ ಆ ಕಾಲು ಕೊಳೆಯುವ ಕಥೆಯನ್ನು ಚಿತ್ರ ಬರೆದು ಸೇರಿಸಿ. ಎಂಜಿನಿಯರ್‌ಗಳಿಗೆ ದೂರಿಗಿಂತ ಡ್ರಾಯಿಂಗ್ ಬೇಗ ಅರ್ಥ ಆಗುತ್ತೆ.

ಟೆಂಡರ್ ಬಂದೇ ಬಿಟ್ಟರೆ, ಬಿಡ್ ಹಾಕೋ ಮೊದಲಿನ ಪ್ರಿ-ಬಿಡ್ ಸಭೆ ಇದ್ದರೆ ಅಲ್ಲಿ ಲಿಖಿತವಾಗಿ ಕೇಳಿ. ವಹಿವಾಟಿನ ಷರತ್ತು ಕೆಲಸದ ಗಾತ್ರಕ್ಕಿಂತ ಯಾಕೆ ಜಾಸ್ತಿ ಅಂತ. ಬಿಡ್ ಹಾಕಿ, ಸ್ವೀಕಾರದ ಆದೇಶದಲ್ಲಿ ಅನ್ಯಾಯ ಆಯಿತು ಅನಿಸಿದರೆ ಕೆಟಿಪಿಪಿ ಕಾಯ್ದೆಯ ಸೆಕ್ಷನ್ 16ರ ಕೆಳಗೆ 30 ದಿನದೊಳಗೆ ಮೇಲ್ಮನವಿ ಇದೆ. ಬಿಡ್ ಹಾಕದವನಿಗೆ ಆ ದಾರಿ ಇಲ್ಲ, ನೆನಪಿರಲಿ.

ಇನ್ನೊಂದು, ಪ್ರೆಸ್ ಅಕ್ಕನ ಕಥೆ ನಿಮಗೂ ಆಗಬಾರದು ಅಂದರೆ ಟೆಂಡರ್‌ನಲ್ಲಿ ಲೆಕ್ಕ ಶೀರ್ಷಿಕೆ ನೋಡಿ. ಸ್ಥಳೀಯ ಸಂಸ್ಥೆಯ ಸ್ವಂತ ನಿಧಿಯೋ, ರಾಜ್ಯದ ಅನುದಾನವೋ, ಹಣಕಾಸು ಆಯೋಗದ ದುಡ್ಡೋ ಅಂತ. ಅನುದಾನದ ಕಂತು ಬಾರದ ಹೆಡ್ ಆದರೆ ನಿಮ್ಮ ಬಿಲ್ ಜ್ಯೇಷ್ಠತಾ ಪಟ್ಟಿಯಲ್ಲಿ ಕೂತಿರುತ್ತೆ, ಅಕೌಂಟ್ಸ್‌ನವರ ಕೈಯಲ್ಲೂ ಏನೂ ಇರಲ್ಲ. ನಾನು ಇದನ್ನು ಕೌಂಟರಿನ ಈ ಕಡೆ ಕೂತು ಹೇಳಿ ಹೇಳಿ ಬೈಸಿಕೊಂಡಿದ್ದೇನೆ.

ರಾಜ್ಯದ ಟೆಂಡರ್ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದ್ದೀರಾ? ಡಿಜಿಟಲ್ ಸಹಿಯ ಟೋಕನ್ ಅವಧಿ ಮುಗಿದಿದ್ದರೆ ಈಗಲೇ ಮಾಡಿಸಿ. ಕೊನೇ ದಿನ ಸಂಜೆ ಸರ್ವರ್ ಕೈಕೊಟ್ಟರೆ ಯಾರೂ ನಿಮ್ಮ ಮಾತು ಕೇಳಲ್ಲ.

ಸಾಗರ ರಸ್ತೆ ವೆಲ್ಡರ್

ನೋಂದಣಿ ಇದೆ, ಟೋಕನ್ ತಮ್ಮನ ಹೆಸರಲ್ಲಿದೆ, ಅವಧಿ ನೋಡಿಸುತ್ತೇನೆ. ಪತ್ರಕ್ಕೆ ಸಹಿ ಹಾಕೋಕೆ ಪಕ್ಕದ ಎರಡು ಶೆಡ್ಡಿನವರು ಒಪ್ಪಿದ್ದಾರೆ. ಆ ಏಜೆನ್ಸಿಗೆ ಗಾರ್ಡ್ ಮಾಡಿಕೊಟ್ಟವರನ್ನೂ ಕೇಳಬೇಕು. ಅವರದ್ದು ಇನ್ನೂ ಬಾಕಿ ಬಂದಿಲ್ಲವಂತೆ, ಹಾಗಾಗಿ ಒಪ್ಪಬಹುದು.