ಕಿಲೋ ಲೆಕ್ಕದ ಇನ್ಸೆಂಟಿವ್ ಬಂದ ಮೇಲೆ ತುಂಡು ಜಾಸ್ತಿ: ಗೇರುಬೀಜ ಘಟಕದಲ್ಲಿ ಏನು ಮಾಡಬಹುದು?

ಪ್ರಶ್ನೆ: ಕಾಸರಗೋಡಿನ ಉಪ್ಪಳ ಕಡೆಯ ಘಟಕ

ಬೀಜ ಒಡೆದು ತಿರುಳು ತೆಗೆಯುವ ಕಟ್ಟಿಂಗ್ ವಿಭಾಗದಲ್ಲಿ 40 ಮಂದಿ ಹೆಂಗಸರು. ತಿರುಳಿನ ತೂಕಕ್ಕೆ ಕೂಲಿ. ದಿನಕ್ಕೆ 10 ಕಿಲೋ ದಾಟಿದರೆ ಮೇಲಿನದ್ದಕ್ಕೆ ಹೆಚ್ಚು ದರ ಅಂತ ಹೊಸ ಸ್ಕೀಮ್ ಬಂತು. ಮೊದಲು ತೂಕ ಏರಿತು. ಈಗ ಇಡೀ (ಒಡೆಯದ) ತಿರುಳು ಕಡಿಮೆಯಾಗಿದೆ, ತೂಕವೂ ಹೆಚ್ಚುಕಡಿಮೆ ಎಲ್ಲರದ್ದೂ 10ರ ಹತ್ತಿರವೇ ನಿಂತಿದೆ. ಮಾಲಕರು ಮೋಟಿವೇಶನ್ ಕ್ಲಾಸ್ ಇಡಿಸುವ ಅಂತಿದ್ದಾರೆ. ಪ್ರಯೋಜನ ಉಂಟಾ?

ಉತ್ತರ 1: ಕುಂಬಳೆ, ಪ್ರೊಡಕ್ಷನ್

ಕ್ಲಾಸಿನ ದುಡ್ಡಿಗೆ ಇನ್ನೊಂದು ತಕ್ಕಡಿ ತಗೊಳ್ಳಿ. ನೀವು ತೂಕಕ್ಕೆ ಹಣ ಕೊಟ್ಟಿರಿ, ಅವರು ತೂಕ ಕೊಟ್ಟರು. ಒಂದಕ್ಕೆ ಬಹುಮಾನ ಇಟ್ಟು ಇನ್ನೊಂದನ್ನು ನಿರೀಕ್ಷಿಸುವ ಈ ಮೂರ್ಖತನದ ಬಗ್ಗೆ ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಸ್ಟೀವನ್ ಕೆರ್ 1975ರಲ್ಲೇ ಬರೆದಿದ್ದಾರೆ. ಇಲ್ಲಿ ಕೆಲಸದವರ ಮನಸ್ಸಿನಲ್ಲಿ ಕೊರತೆ ಏನೂ ಇಲ್ಲ, ಲೆಕ್ಕ ಅವರಿಗೆ ಚೆನ್ನಾಗಿಯೇ ಅರ್ಥವಾಗಿದೆ.

ಆದರೆ ಅದಕ್ಕೂ ಮೊದಲು ತುಂಡಾಗುವುದು ಎಲ್ಲಿ ಅಂತ ನೋಡಿ. ಸ್ಟೀಮ್ ಆದ ಬೀಜ ಒಂದು ರಾತ್ರಿಯಾದರೂ ಆರದೆ ಕಟ್ಟಿಂಗಿಗೆ ಬಂದರೆ ಎಂಥಾ ಕೈಯಾದರೂ ಒಡೆಯುತ್ತದೆ. ಬೀಜವನ್ನು ಗಾತ್ರ ಪ್ರಕಾರ ಬೇರೆ ಮಾಡದೆ ಕೊಟ್ಟರೆ ಬ್ಲೇಡಿನ ಸಂದು ದೊಡ್ಡದಕ್ಕೆ ಬಿಗಿ, ಸಣ್ಣದಕ್ಕೆ ಸಡಿಲ. ಬೋರ್ಮಾದಲ್ಲಿ (ತಿರುಳು ಒಣಗಿಸುವ ಬಿಸಿ ಕೋಣೆ) ಸುಮಾರು 70 ಡಿಗ್ರಿಯಲ್ಲಿ 6–8 ಗಂಟೆ ಒಣಗುವಾಗ ಒಂದಿಷ್ಟು ಹೆಚ್ಚಾದರೂ ತಿರುಳು ಗರಿಗರಿ, ಕಡಿಮೆಯಾದರೆ ತಿರುಳಿನ ತೆಳು ಸಿಪ್ಪೆ ಅಂಟಿ ಚಾಕುವಿನಲ್ಲಿ ಕೆರೆಯಬೇಕಾಗುತ್ತದೆ. ಎರಡರಲ್ಲೂ ತುಂಡಾಗುವುದು ಸಿಪ್ಪೆ ತೆಗೆಯುವಲ್ಲಿ. ಅದರ ದಂಡ ಕಟ್ಟಿಂಗಿನವರ ತಲೆಗೆ ಬಂದರೆ ಯಾವ ಸ್ಕೀಮೂ ನಿಲ್ಲುವುದಿಲ್ಲ. ಹಾಗಾಗಿ ಇಡೀ ಎಷ್ಟು, ತುಂಡು ಎಷ್ಟು ಎಂಬ ತೂಕ ಕಟ್ಟಿಂಗ್ ಮೇಜಿನಲ್ಲೇ ಆಗಬೇಕು, ಬೋರ್ಮಾಕ್ಕೆ ಹೋಗುವ ಮೊದಲು. ಲಾಟ್ ನಂಬರ್ ಜೊತೆಗೆ ಬರೆದಿಡಿ. ಒಂದು ಲಾಟಿನಲ್ಲಿ ಎಲ್ಲರಿಗೂ ತುಂಡು ಜಾಸ್ತಿಯಾದರೆ ತಪ್ಪು ಬಾಯ್ಲರಿನ ಬಳಿ ಇರುತ್ತದೆ. ಎಲ್ಲಾ ಲಾಟುಗಳಲ್ಲೂ ಒಬ್ಬರದ್ದೇ ಜಾಸ್ತಿಯಾದರೆ ಅವರ ಯಂತ್ರದ ಬ್ಲೇಡ್ ನೋಡಿ, ಕೈಯ ಮಾತು ಆಮೇಲೆ.

ಉತ್ತರ 2: ಬದಿಯಡ್ಕ, ಅಕೌಂಟ್ಸ್

ದರ ಹೀಗೆ ಒಡೆಯಬಹುದು (ರೂಪಾಯಿ ಉದಾಹರಣೆಗೆ ಮಾತ್ರ). ಈಗ ಕಿಲೋಗೆ 40 ಅಂದುಕೊಳ್ಳಿ, ಹೆಚ್ಚುವರಿ ದರ ಬಿಟ್ಟು. ಒಬ್ಬರು 12 ಕಿಲೋ ಮಾಡಿ ಅದರಲ್ಲಿ 80% ಇಡೀ. ಇನ್ನೊಬ್ಬರು 10 ಕಿಲೋ, 92% ಇಡೀ. ಮೊದಲಿನವರಿಗೆ 480, ಎರಡನೆಯವರಿಗೆ 400. ಇಡೀ ತಿರುಳು ಹೆಚ್ಚುಕಡಿಮೆ ಒಂದೇ, 9.6 ಮತ್ತು 9.2 ಕಿಲೋ, ಆದರೆ ಕೂಲಿಯಲ್ಲಿ ಅಂತರ 80 ರೂಪಾಯಿ. ಇಡೀಗೆ 45, ತುಂಡಿಗೆ 15 ಮಾಡಿದರೆ 468 ಮತ್ತು 426 ಆಗುತ್ತದೆ. ವೇಗದ ಕೈಗೆ ಈಗಲೂ ಹೆಚ್ಚೇ, ಆದರೆ ಒಡೆದು ಗಳಿಸುವ ದಾರಿ ಸಣ್ಣದಾಯಿತು. ತುಂಡಿಗೆ ಸೊನ್ನೆ ಮಾಡಬೇಡಿ: ತುಂಡುಗಳು ಬೀಜದ ಹೊಟ್ಟಿನ ಜೊತೆ ಕಸಕ್ಕೆ ಹೋಗುತ್ತವೆ, ನಷ್ಟ ನಿಮಗೇ. ಕೇರಳ ಸರಕಾರ ಗೇರು ಉದ್ಯಮಕ್ಕೆ ಕನಿಷ್ಠ ಕೂಲಿ ನಿಗದಿ ಮಾಡಿದೆ, ಹೊಸ ದರದಲ್ಲಿ ಯಾರ ದಿನದ ಕೂಲಿಯೂ ಅದಕ್ಕಿಂತ ಕೆಳಗೆ ಇಳಿಯಬಾರದು.

ಉತ್ತರ 3: ಮಂಜೇಶ್ವರ, ಎಚ್.ಆರ್.

10ರ ಹತ್ತಿರ ನಿಂತದ್ದು ಯಾಕೆ ಅಂತ ಯಾರೂ ಹೇಳಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಅದೇ. ಅಮೆರಿಕದ ವೆಸ್ಟರ್ನ್ ಇಲೆಕ್ಟ್ರಿಕ್‌ನ ಹಾಥಾರ್ನ್ ಕಾರ್ಖಾನೆಯಲ್ಲಿ 1931–32ರಲ್ಲಿ 14 ಮಂದಿ ಕೆಲಸಗಾರರನ್ನು ಒಂದು ಕೋಣೆಯಲ್ಲಿ ಗಮನಿಸಿದ್ದರು. ಗುಂಪಿನ ಉತ್ಪಾದನೆಗೆ ಇನ್ಸೆಂಟಿವ್ ಇತ್ತು, ಆದರೂ ದಿನಕ್ಕೆ ಇಷ್ಟೇ ಸಾಕು ಅಂತ ಗುಂಪೇ ಒಂದು ಮಿತಿ ಇಟ್ಟುಕೊಂಡಿತ್ತು. ಮೀರಿದವರಿಗೆ ಹಾಸ್ಯ, ತೋಳಿಗೆ ಗುದ್ದು. ಹೆಚ್ಚು ಮಾಡಿದರೆ ನಾಳೆ ದರ ಇಳಿಸುತ್ತಾರೆ ಎಂಬ ಹೆದರಿಕೆ ಅದರ ಹಿಂದೆ ಇತ್ತು. ಅದು ಸೋಮಾರಿತನ ಅಲ್ಲ.

ನಿಮ್ಮಲ್ಲಿ ಹಿಂದೆ ಯಾವಾಗಲಾದರೂ ಟಾರ್ಗೆಟ್ ಏರಿಸಿದ್ದುಂಟಾ? ಇದ್ದರೆ ಉತ್ತರ ಸಿಕ್ಕಿತು. ಯಂತ್ರವಾಗಲಿ ವಿಧಾನವಾಗಲಿ ಬದಲಾಗದೆ ಒಂದು ವರ್ಷ ದರ, ಮಿತಿ ಎರಡೂ ಬದಲಿಸುವುದಿಲ್ಲ ಅಂತ ಬರೆದು ಸಹಿ ಹಾಕಿ ಗೋಡೆಗೆ ಅಂಟಿಸಿ. ಆ ನೋಟೀಸು ಬರೀ ಮಲಯಾಳದಲ್ಲಿ ಬೇಡ. ಕನ್ನಡದಲ್ಲೂ ಇರಲಿ, ಊಟದ ಹೊತ್ತಿಗೆ ತುಳುವಿನಲ್ಲಿ ಬಾಯಿಯಲ್ಲೂ ಹೇಳಿ.

ಮನಶ್ಶಾಸ್ತ್ರಜ್ಞ ವಿಕ್ಟರ್ ವ್ರೂಮ್ 1964ರಲ್ಲಿ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಶ್ರಮ ಹಾಕಿದರೆ ಕೆಲಸ ಆಗುತ್ತದಾ, ಕೆಲಸ ಆದರೆ ಹಣ ಸಿಗುತ್ತದಾ, ಆ ಹಣಕ್ಕೆ ಅವರ ಮನಸ್ಸಿನಲ್ಲಿ ಬೆಲೆ ಉಂಟಾ: ಇವು ಮೂರೂ ಗುಣಾಕಾರ, ಒಂದು ಸೊನ್ನೆಯಾದರೆ ಉಳಿದ ಎರಡು ಎಷ್ಟಿದ್ದರೂ ಫಲ ಸೊನ್ನೆ. ಮೊಂಡು ಬ್ಲೇಡಿನಲ್ಲಿ ಮೊದಲನೆಯದ್ದು ಸೊನ್ನೆ, ದರದ ಮೇಲೆ ನಂಬಿಕೆ ಇಲ್ಲದಲ್ಲಿ ಎರಡನೆಯದ್ದು. ಕ್ಲಾಸ್ ಇವೆರಡನ್ನೂ ಮುಟ್ಟುವುದಿಲ್ಲ.

ಕ್ಲಾಸ್ ತೆಗೆದುಕೊಳ್ಳಲು ಬರುವವರು ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ ಹೆಸರು ಹೇಳಿ "ಹಣ ಮುಖ್ಯ ಅಲ್ಲ, ಮೆಚ್ಚುಗೆ ಸಾಕು" ಅಂದರೆ ನಂಬಬೇಡಿ. 1959ರ ಅವರ ಅಧ್ಯಯನ ನಡೆದದ್ದು ಪಿಟ್ಸ್‌ಬರ್ಗ್ ಸುತ್ತಿನ 203 ಇಂಜಿನಿಯರ್‌ಗಳು ಮತ್ತು ಲೆಕ್ಕಿಗರ ಮೇಲೆ, ತೂಕದ ಕೂಲಿಯವರ ಮೇಲಲ್ಲ.

ಪ್ರಶ್ನೆ ಕೇಳಿದವರು

ಟಾರ್ಗೆಟ್ ಮೊದಲು 8 ಇತ್ತು, ಏರಿಸಿದ್ದು ಹೌದು. ಇನ್ನೊಂದು ಸಂಶಯ: ಇಡೀ-ತುಂಡು ಬೇರೆ ಮಾಡುವವರ ಮೇಲೆ ಜಗಳ ಆಗುವುದಿಲ್ಲವಾ?

ಉತ್ತರ 1: ಕುಂಬಳೆ, ಪ್ರೊಡಕ್ಷನ್

ಖಂಡಿತ ಆಗುತ್ತದೆ, ಎಲ್ಲವನ್ನೂ ಬೇರೆ ಮಾಡಿ ತೂಗಲು ಹೊರಟರೆ ಸಂಜೆ ಮುಗಿಯುವುದೂ ಇಲ್ಲ. ಪ್ರತಿಯೊಬ್ಬರ ಟ್ರೇಯನ್ನು ಚೆನ್ನಾಗಿ ಕಲಸಿ ಅರ್ಧ ಕಿಲೋ ಸ್ಯಾಂಪಲ್ ತೆಗೆದು ಅವರ ಎದುರಲ್ಲೇ ಬೇರೆ ಮಾಡಿ. ಅದರ ಶೇಕಡಾವನ್ನು ಇಡೀ ದಿನದ ತೂಕಕ್ಕೆ ಹಾಕಿ ಚೀಟಿ ಕೊಡಿ. ಒಪ್ಪದವರಿಗೆ ಎರಡನೇ ಸ್ಯಾಂಪಲ್ ಕೇಳುವ ಹಕ್ಕು ಇರಲಿ, ಎರಡರ ಸರಾಸರಿ ಅಂತಿಮ. ತುದಿ ಮುರಿದದ್ದು ಇಡೀಯೋ ತುಂಡೋ ಎಂಬ ತಕರಾರಿಗೆ ಎರಡರ ಮಾದರಿಯನ್ನೂ ಗಾಜಿನ ಬಾಟಲಿಯಲ್ಲಿ ಹಾಕಿ ಮೇಜಿನ ಮೇಲಿಡಿ. ಬೇರೆ ಮಾಡುವವರು ಕಟ್ಟಿಂಗಿನ ಯಾರದ್ದೇ ಮನೆಯವರಾಗಿರಬಾರದು, ಅವರಿಗೆ ದಿನಗೂಲಿಯೇ ಇರಲಿ, ತೂಕದ ಕೂಲಿ ಬೇಡ.