ದೂರದ ಎರಡು ಕಂಟ್ರೋಲ್ ರೂಂಗಳ ಆಪರೇಟರ್‌ಗಳ ನಡುವಿನ ಸಂವಹನ: ಪರದೆ ಹೇಗಿರಬೇಕು?

ಪ್ರಶ್ನೆ (ಪಿಂಪ್ರಿ, ಪುಣೆ)

ನೀರು ಸರಬರಾಜು ಯೋಜನೆಯೊಂದಕ್ಕೆ ಸ್ಕಾಡಾ (ದೂರದ ಪಂಪು, ವಾಲ್ವುಗಳನ್ನು ಕಂಪ್ಯೂಟರಿನಿಂದ ಗಮನಿಸಿ ನಿಯಂತ್ರಿಸುವ ವ್ಯವಸ್ಥೆ) ಪರದೆಗಳನ್ನು ರೂಪಿಸುವ ತಂಡದಲ್ಲಿದ್ದೇನೆ. ಮೊದಲು ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕೂರುತ್ತಿದ್ದ ಇಬ್ಬರು ಆಪರೇಟರ್‌ಗಳು ಈಗ ಬೇರೆ ಬೇರೆ ಊರಿನ ಕಂಟ್ರೋಲ್ ರೂಂಗಳಲ್ಲಿದ್ದಾರೆ. ಈಚೆಗೆ ಒಬ್ಬರು ಮುಚ್ಚುತ್ತಿದ್ದ ವಾಲ್ವನ್ನೇ ಇನ್ನೊಬ್ಬರು ತೆರೆಯಲು ಹೊರಟಿದ್ದರು. ಪರದೆಯ ಮೂಲೆಯಲ್ಲಿ ಚಾಟ್ ಕಿಟಕಿ ಇಟ್ಟರೆ ಸಾಕೆಂಬ ಸಲಹೆ ಬಂದಿದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮುಲುಂಡ್, ಮುಂಬೈ)

ಅಷ್ಟೇ ಸಾಲದು ಸರ್. ಅಕ್ಕಪಕ್ಕ ಕೂತವರು ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಎಷ್ಟೋ ಸಂಗತಿ ತಾನಾಗಿ ಕಿವಿಗೂ ಕಣ್ಣಿಗೂ ಬಿದ್ದಿರುತ್ತದೆ. ಲಂಡನ್ ಭೂಗತ ರೈಲಿನ ಕಂಟ್ರೋಲ್ ರೂಂ ಕುರಿತು ಹೀತ್ ಮತ್ತು ಲಫ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿದೆ: ಕಂಟ್ರೋಲರ್ ಚಾಲಕರೊಡನೆ ಫೋನಿನಲ್ಲಿ ಆಡುವ ಮಾತನ್ನು ಕೇಳಿಸಿಕೊಂಡೇ ಪಕ್ಕದ ಸಹಾಯಕರು, ಯಾರೂ ಹೇಳದಿದ್ದರೂ, ಪ್ರಯಾಣಿಕರಿಗೆ ಪ್ರಕಟಣೆ ಕೊಡಲು ಅಣಿಯಾಗುತ್ತಿದ್ದರು. ದೂರವಾದ ಮೇಲೆ ಈ ಕೆಲಸವನ್ನು ಪರದೆಯೇ ಮಾಡಬೇಕು. ಒಬ್ಬರು ವಾಲ್ವಿನ ನಿಯಂತ್ರಣ ಕಿಟಕಿ ತೆರೆದ ಕೂಡಲೇ ಇನ್ನೊಬ್ಬರ ಪರದೆಯಲ್ಲಿ ಅದೇ ವಾಲ್ವಿನ ಚಿತ್ರದ ಮೇಲೆ ಅವರ ಗುರುತು ಮೂಡಬೇಕು. ಆದೇಶದ ಹಕ್ಕು ಒಂದು ಸಮಯಕ್ಕೆ ಒಬ್ಬರಲ್ಲೇ ಇರಬೇಕು. ಅಲಾರಂ ಅನ್ನು ಯಾರು, ಎಷ್ಟು ಹೊತ್ತಿಗೆ ಗಮನಿಸಿದರೆಂಬುದು ಎರಡೂ ಕಡೆ ಕಾಣಬೇಕು. ಚಾಟ್ ಕಿಟಕಿ ಪಾಳಿ ಬದಲಾವಣೆಯ ಟಿಪ್ಪಣಿಗೆ ಒಳ್ಳೆಯದು, ತುರ್ತಿನಲ್ಲಿ ಅದನ್ನು ಓದುವಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ.

ಉತ್ತರ (ವಾಸ್ಕೊ, ಗೋವಾ)

ಮೇಲಿನವರ ಮಾತು ಸರಿ. ಆದರೆ ತುರ್ತಿನಲ್ಲಿ ಧ್ವನಿಯೇ ಮುಖ್ಯವಾದ್ದರಿಂದ ಅದಕ್ಕೂ ಶಿಸ್ತು ಬೇಕು. 1977ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ರೇಡಿಯೊ ಸಂದೇಶಗಳು ಏಕಕಾಲಕ್ಕೆ ಹೊರಟು ಒಂದನ್ನೊಂದು ಅಳಿಸಿಹಾಕಿದ್ದು, ಎರಡು ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತ ದುರಂತದ ಕಾರಣಗಳಲ್ಲೊಂದು. ಆದ್ದರಿಂದ ವಾಲ್ವಿನ ಟ್ಯಾಗ್ ಸಂಖ್ಯೆ (ಗುರುತಿನ ಸಂಖ್ಯೆ) ಎರಡೂ ಪರದೆಗಳಲ್ಲಿ ಒಂದೇ ಆಗಿರಲಿ, ಆದೇಶ ಪಡೆದವರು ಸಂಖ್ಯೆಯನ್ನೂ ಕ್ರಿಯೆಯನ್ನೂ ತಿರುಗಿ ಹೇಳಲಿ.

ಪ್ರಶ್ನೆ ಕೇಳಿದವರು (ಪಿಂಪ್ರಿ)

ಇಬ್ಬರಿಗೂ ಧನ್ಯವಾದಗಳು. ಮಳೆಗಾಲದಲ್ಲಿ ಘಟ್ಟದ ಕಡೆ ಸಂಪರ್ಕ ಕಡಿದರೆ ಪರದೆ ಏನು ತೋರಿಸಬೇಕು?

ಉತ್ತರ (ವಾಸ್ಕೊ, ಗೋವಾ)

ಹಳೆಯ ಅಂಕಿ ಹೊಸದರಂತೆ ಕಾಣಲೇಬಾರದು. ಅದರ ಬಣ್ಣ ಮಾಸಲಿ, ಕೊನೆಯದಾಗಿ ಬಂದ ಹೊತ್ತು ಪಕ್ಕದಲ್ಲೇ ಇರಲಿ. ಆಗ ನಿಯಂತ್ರಣ ಯಾರ ಕೈಗೆ ಸೇರುತ್ತದೆಂಬುದನ್ನು ಮೊದಲೇ ನಿರ್ಧರಿಸಿ, ಎರಡೂ ಪರದೆಗಳ ಮೇಲ್ತುದಿಯಲ್ಲಿ ತೋರಿಸಿ.