ದನಿ ಮಾಸುತ್ತದೆಯೋ, ಮೊಂಡಾಗುತ್ತದೆಯೋ?

ಮುಂಬೈಯ ಮಾಟುಂಗದಲ್ಲಿ ನಡೆದ ಒಂದು ತಾಳಮದ್ದಳೆಯನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಮೂಲ ವೇವ್ ಫೈಲು 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ, ಅಂದರೆ ಸಿಡಿಯ ಮಟ್ಟದ್ದು. ನಿಮಿಷಕ್ಕೆ ಸುಮಾರು 10 ಎಂಬಿ. ಊರಿನವರಿಗೆ ಕಳಿಸಲು 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿದೆ. ಅದು ನಿಮಿಷಕ್ಕೆ 1 ಎಂಬಿ ಆಸುಪಾಸು. ಡೊಂಬಿವಲಿಯ ಮನೆಯಲ್ಲಿ ಕೂತು, ಯಾವುದು ಯಾವುದೆಂದು ಗೊತ್ತಾಗದಂತೆ ಮಗಳ ಕೈಲಿ ಹಾಕಿಸಿ, ಎರಡನ್ನೂ ಕೇಳಿದೆ. ಅರ್ಥಧಾರಿಗಳ ಮಾತಿನಲ್ಲಿ ವ್ಯತ್ಯಾಸ ತಿಳಿಯದೆ ನಾನು ಸೋತೆ. ತಾಳ, ಚೆಂಡೆ ಬಂದಾಗ ಎಂಪಿ3 ಸಿಕ್ಕಿಬಿತ್ತು. (320 ಕೆಬಿಪಿಎಸ್ ಎಂಪಿ3ಯಲ್ಲಿ ಮತ್ತೆ ಸೋತೆ, ಅದು ಬೇರೆ ಮಾತು.)

ಕೇಳಿದ್ದನ್ನು ಹೇಳಲು ಹೋದರೆ ಪದವೇ ಇಲ್ಲ! 'ಗುಣಮಟ್ಟದ ನಷ್ಟ' ಅಂದರೆ ಲೆಕ್ಕಪತ್ರ ಓದಿದ ಹಾಗಿರುತ್ತದೆ. 'ಮಾಸಿದೆ' ಅನ್ನೋಣ ಅಂದರೆ ಅದು ಬಟ್ಟೆಗೆ, ಬಣ್ಣಕ್ಕೆ. 'ಮಂಕು' ದೀಪಕ್ಕೆ. ತಾಳದ ಕೊನೆಯ ಮಿನುಗು ಹೋದದ್ದಕ್ಕೆ ಇವೆರಡೂ ಹೇಗೋ ಒಗ್ಗುತ್ತವೆ. ಚೆಂಡೆಯ ಪೆಟ್ಟಿಗೆ ಮಾತ್ರ ನನಗೆ 'ಮೊಂಡು' ಸರಿ ಅನಿಸುತ್ತದೆ. ಕತ್ತಿಯ ಹಾಗೆ ಪೆಟ್ಟಿಗೂ ಒಂದು ಬಾಯಿ ಇರುತ್ತದೆ, ಅಲ್ವಾ?

ಇನ್ನೊಂದು ವಿಚಿತ್ರ. ಎಂಪಿ3 ಸದ್ದನ್ನು ತುಂಡು ತುಂಡಾಗಿ ತೆಗೆದುಕೊಳ್ಳುತ್ತದೆ. ತುಂಡಿನ ನಡುವೆ ಜೋರು ಪೆಟ್ಟು ಬಿದ್ದರೆ, ಅದನ್ನು ಕಿರಿದಾಗಿಸುವಾಗ ಹುಟ್ಟುವ ಒರಟು ಸದ್ದು ಇಡೀ ತುಂಡಿಗೆ ಹರಡುತ್ತದೆ. ಹಾಗಾಗಿ ಪೆಟ್ಟಿಗಿಂತ ಮೊದಲೇ ಒಂದು ಸಣ್ಣ 'ಸ್ಸ್' ಕೇಳಿಸಬಹುದು. ಇಂಗ್ಲಿಷಿನವರು ಇದನ್ನು ಪ್ರಿ-ಎಕೋ ಅನ್ನುತ್ತಾರೆ. ನಮ್ಮಲ್ಲಿ ಮಾರ್ದನಿ ಇದೆಯಲ್ಲ, ಹಾಗೇ ಇದು 'ಮುಂದನಿ' ಆಗಬಹುದೇ?

ಫೈಲನ್ನು ಕಿರಿದಾಗಿಸುವ ಕಂಪ್ರೆಷನ್‌ಗೆ 'ಸಂಕೋಚನ' ಬಳಸುವುದುಂಟು. ಆದರೆ ಏನಾದರೂ ಕಳೆಯಿತೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಫ್ಲ್ಯಾಕ್ ಅನ್ನುವ ಇನ್ನೊಂದು ಬಗೆಯ ಫೈಲು ಮಾಡುವುದು ಸೀರೆ ಮಡಿಚುವ ಕೆಲಸ. ಬಿಚ್ಚಿದರೆ ಒಂದೆಳೆಯೂ ಕಡಿಮೆಯಾಗಿರುವುದಿಲ್ಲ. ಎಂಪಿ3 ಹಿಂಡುತ್ತದೆ. ಜೋರು ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಮೆಲುಸದ್ದನ್ನು ಬಿಟ್ಟುಬಿಡುತ್ತದೆ. ಹಿಂಡಿದ್ದನ್ನು ಮತ್ತೆ ತುಂಬಲಾಗುವುದಿಲ್ಲ. ಅದಕ್ಕೇ 'ಮಡಿಚಿದ ಫೈಲು', 'ಹಿಂಡಿದ ಫೈಲು' ಅಂದರೆ ಹೇಗೆ? ಮಗಳು ನಕ್ಕಳು. ಬಟ್ಟೆ ಒಗೆಯುವ ಮಾತಿನಂತಿದೆಯಂತೆ.

ಇಲ್ಲಿನ ಮರಾಠಿ ಗೆಳೆಯ ಅದೇ ಫೈಲು ಕೇಳಿ, 'ಆವಾಜ್ ದಬ್ಲಾಯ್' (ದನಿ ಅದುಮಿಹೋಗಿದೆ) ಅಂತ ಒಂದೇ ಮಾತಿನಲ್ಲಿ ಮುಗಿಸಿದ. ಹೊಟ್ಟೆಕಿಚ್ಚಾಯಿತು.

ಕರಾವಳಿಯವರು ಯಾರಾದರೂ ಹೇಳಿ: ಚೆಂಡೆಯ ಚರ್ಮ ಸಡಿಲವಾಗಿ ಪೆಟ್ಟು ಸರಿಯಾಗಿ ಬಾರದಿದ್ದರೆ, ಆ ದನಿಗೆ ಮೇಳದವರು ಏನನ್ನುತ್ತಾರೆ?